ಕಾರು ಎಡಕ್ಕೆ ಎಳೆದ ಪ್ರಕರಣ

ಕೆಮ್ಮಣ್ಣಿನ ಆಲ್ಫೋನ್ಸರು ಈಗ ಪಡುತ್ತಿರುವ ಪಶ್ಚಾತ್ತಾಪಕ್ಕೆಲ್ಲ ಎರಡು ಮೊಳ ಉದ್ದದ ಒಂದು ಕಬ್ಬಿಣದ ಸರಳು ಕಾರಣ ಎಂದರೆ ನೀವು ನಂಬಲಿಕ್ಕಿಲ್ಲ. ಅವರೂ ಬಹಳ ದಿನ ನಂಬಿರಲಿಲ್ಲ.

ಇಪ್ಪತ್ತೆರಡು ವರ್ಷ ಬಹರೈನಿನಲ್ಲಿ ಟ್ರೈಲರ್ ಓಡಿಸಿ ಬಂದ ಮಹಾರಥಿ ಅವರು. ಊರಿಗೆ ಮರಳಿದ ಮೇಲೆ ಅವರ ಸಾರಥ್ಯಕ್ಕೆ ಉಳಿದದ್ದು ಒಂದು ಹಳೆಯ ಸಣ್ಣ ಕಾರು ಮತ್ತು ಹೆಂಡತಿ ಕಾನ್ಸೆಪ್ಟಾ. (ಇಬ್ಬರಲ್ಲಿ ಕಾರು ಸ್ವಲ್ಪ ಮಾತು ಕೇಳುತ್ತಿತ್ತು.)

ಕಾನ್ಸೆಪ್ಟಾ ಐವತ್ತಮೂರನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತದ್ದು ಶೋಕಿಗಲ್ಲ. ಕಾರ್ಕಳದಲ್ಲಿದ್ದ ಅಕ್ಕ ಮ್ಯಾಗ್ಡಲಿನ್ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ವಾರಕ್ಕೆರಡು ಸಲ ಹೋಗಿ ಅವಳಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸಿ ಬರಬೇಕಿತ್ತು. ಕರೆದುಕೊಂಡು ಹೋಗಲು ಆಲ್ಫೋನ್ಸರಿಗೆ ಮನಸ್ಸಿಲ್ಲವೆಂದಲ್ಲ, ಮಧ್ಯಾಹ್ನದ ನಿದ್ದೆ ತಪ್ಪಿದರೆ ಅವರಿಗೆ ತಲೆನೋವು ಬರುತ್ತಿತ್ತು. ಹಾಗಾಗಿ ಅವಳು ತಾನೇ ಲೈಸೆನ್ಸ್ ಮಾಡಿಸಿಕೊಂಡಳು. ಇನ್ನು ಸ್ವಂತ ಕಾರಿನಲ್ಲಿ ಕೈ ಪಳಗಬೇಕಿತ್ತು. ಪಕ್ಕದ ಸೀಟಿನಲ್ಲಿ ಗುರುಗಳು ವಿರಾಜಮಾನರಾದರು.

"ಎಡಕ್ಕೆ ಹೋಗ್ತಾ ಉಂಟು! ಎಡಕ್ಕೆ! ನಿನ್ನ ಎಡಗೈ ಭಾರ ಮಾರಾಯ್ತಿ!"

"ನಾನು ನೇರವೇ ಹಿಡಿದಿದ್ದೇನೆ. ಕಾರೇ ಎಳೀತಾ ಉಂಟು. ಅಡಿಯಲ್ಲಿ ಕಟಕಟ ಶಬ್ದ ಬರ್ತದೆ, ನಿಮಗೆ ಕೇಳುವುದಿಲ್ವಾ?"

"ಅದು ನಿನ್ನ ಬಳೆಯದ್ದು."

ಮರುದಿನ ಅವಳು ಬಳೆ ತೆಗೆದಿಟ್ಟು ಬಂದಳು. ಕಟಕಟ ಹಾಗೆಯೇ ಇತ್ತು. ಆಲ್ಫೋನ್ಸರು ರೇಡಿಯೊ ಹಾಕಿದರು.

ನಿಜ ಹೇಳಬೇಕೆಂದರೆ ಆ ಶಬ್ದದ ಪರಿಚಯ ಅವರಿಗೆ ಇಲ್ಲದಿರಲಿಲ್ಲ. ಒಂದು ವರ್ಷದ ಹಿಂದೆಯೇ ಅಂಬಲಪಾಡಿಯ ಗ್ಯಾರೇಜಿನ ಹೂವಪ್ಪ, "ಸ್ಟಿಯರಿಂಗ್ ರ್‍ಯಾಕಿನ ತುದಿಯ ರಬ್ಬರ್ ಕವರು ಹರಿದಿದೆ, ಬದಲಿಸಿ, ಇಲ್ಲದಿದ್ದರೆ ಕೆಸರು ಒಳಗೆ ಹೋಗ್ತದೆ" ಎಂದಿದ್ದ. ಬಹರೈನ್ ಕಂಡು ಬಂದವರಿಗೆ ಇವನೇನು ಹೇಳುವುದು? ಆಲ್ಫೋನ್ಸರು ಮನೆಗೆ ಬಂದು ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ, ಹರಿದ ಕವರಿನ ಮೇಲೆ ಸುತ್ತಿ, ತಂತಿ ಬಿಗಿದು, ವಿಷಯ ಮರೆತರು. ಆಮೇಲೆ ಮೀನಿಗೆಂದು ಕಾರನ್ನು ಸೀದಾ ಕಡಲತೀರದ ಹೊಯಿಗೆಯ ಮೇಲೆಯೇ, ಒದ್ದೆ ಮರಳಿಗೇ ಇಳಿಸುತ್ತಿದ್ದರು.

ಐದನೆಯ ದಿನ ಕಾರು ರಸ್ತೆ ಬಿಟ್ಟು ನೆರೆಮನೆಯ ಕುಶಲಾ ಟೀಚರ ದಾಸವಾಳದ ಬೇಲಿಗೆ ನುಗ್ಗಿತು. ಒಂದು ಕೋಳಿಯ ಮರ್ಯಾದೆ ಹೋದದ್ದು ಬಿಟ್ಟರೆ ಬೇರೇನೂ ನಷ್ಟವಾಗಲಿಲ್ಲ. ಆಲ್ಫೋನ್ಸರು ಅಲ್ಲಿಯೇ ಕೈ ಚಾಚಿದರು. ಕಾನ್ಸೆಪ್ಟಾ ಕೀ ಕೊಟ್ಟಳು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಾಲ್ಕು ಜನ ಸೇರಿದ್ದಾಗ ಅವರು, "ನಮ್ಮ ಕಾನ್ಸೆಪ್ಟಾಳಿಗೆ ರಸ್ತೆಯ ಎಡಗಡೆಯ ಬೇಲಿಗಳೆಲ್ಲ ಪರಿಚಯವಾದವು. ಬಲಗಡೆಯವರು ಇನ್ನೂ ಕಾಯ್ತಾ ಇದ್ದಾರೆ" ಎಂದರು. ಎಲ್ಲರೂ ನಕ್ಕರು. ತಿರುಗಿ ನೋಡಿದರೆ ಹಿಂದೆ ಅವಳೇ ನಿಂತಿದ್ದಳು. ಅವಳೂ ಸ್ವಲ್ಪ ನಕ್ಕಳು.

ಅಂದಿನಿಂದ ಪ್ರತಿ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಕಾನ್ಸೆಪ್ಟಾ ಕೊಡೆ ಮತ್ತು ಚೀಲ ಹಿಡಿದು ಬಸ್ ಸ್ಟಾಪಿನ ಕಡೆ ನಡೆಯತೊಡಗಿದಳು. ಆಲ್ಫೋನ್ಸರು ಮಧ್ಯಾಹ್ನ ನಿದ್ದೆ ಮಾಡತೊಡಗಿದರು.

ನಾಲ್ಕು ತಿಂಗಳು ಕಳೆಯಿತು. ಒಂದು ದಿನ ಅಂಬಲಪಾಡಿಯಲ್ಲಿ ಆಲ್ಫೋನ್ಸರು ಎಡಕ್ಕೆ ತಿರುಗಿಸಿದ ಸ್ಟಿಯರಿಂಗ್ ಹಿಂದಕ್ಕೆ ಬರಲೇ ಇಲ್ಲ. ಕಾರು ಕಟಕಟ ಎನ್ನುತ್ತ ಎಳನೀರಿನ ರಾಶಿಯ ಕಡೆಗೆ ಹೊರಟಿತು. ಬ್ರೇಕ್ ಒತ್ತಿ ನಿಲ್ಲಿಸಿ ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. ಬಳೆ ಇರಲಿಲ್ಲ.

ಹೂವಪ್ಪ ಕಾರನ್ನು ಎತ್ತಿ ನಿಲ್ಲಿಸಿ ಅಡಿಗೆ ನುಗ್ಗಿದ. ಸೈಕಲ್ ಟ್ಯೂಬು ಕತ್ತರಿಸಿದೊಡನೆ ತುಕ್ಕಿನ ನೀರು, ಅದರ ಹಿಂದೆಯೇ ಒಂದು ಹಿಡಿ ಹೊಯಿಗೆ ಬಿತ್ತು.

"ಪೊರ್ಬುಗಳೇ, ಇದನ್ನು ಸುತ್ತಿದ್ದು ಯಾರು?" ಎಂದ ಹೂವಪ್ಪ. ಇಗರ್ಜಿಗೆ ಹೋಗುವ ಗಂಡಸರೆಲ್ಲ ಅವನಿಗೆ ಪೊರ್ಬುಗಳೇ.

"ಯಾರೋ... ಬಹರೈನಿನವರು."

ಹೂವಪ್ಪ ಬಿಚ್ಚಿದ ರ್‍ಯಾಕನ್ನು ತಂದು ಅವರ ಮುಂದೆ ಇಟ್ಟ. "ನೀವು ಮೇಲೆ ಸ್ಟಿಯರಿಂಗ್ ತಿರುಗಿಸಿದರೆ ಈ ಸರಳು ಆಚೆ ಈಚೆ ಸರಿದು ಟಯರು ತಿರುಗುವುದು. ನೋಡಿ, ಹಲ್ಲು ತಿಂದುಹೋಗಿದೆ, ಮೈಯೆಲ್ಲ ತುಕ್ಕು. ಇನ್ನು ರಿಪೇರಿ ಇಲ್ಲ, ಹೊಸತೇ ಹಾಕಬೇಕು. ಆವಾಗ ಆ ಕವರು ಹಾಕಿದ್ದರೆ ಸಾಕಿತ್ತು."

"ಕಾರು ಎಡಕ್ಕೆ ಎಳೆಯುವುದು..."

"ಇದರಿಂದಲೇ. ಇದನ್ನು ಬೇರೆ ಯಾರಾದರೂ ಓಡಿಸಿದ್ದಾರಾ?"

"ಹೆಂಡತಿ. ಐದು ದಿನ. ಒಂದು ಬೇಲಿಗೆ ಹೋಗಿತ್ತು."

"ಐದು ದಿನಕ್ಕೆ ಒಂದೇ ಬೇಲಿಯಾ?" ಹೂವಪ್ಪ ಹುಬ್ಬೇರಿಸಿದ. "ಬಾಯಮ್ಮನ ಕೈ ಭಾರಿ ಒಳ್ಳೇದು ಪೊರ್ಬುಗಳೇ. ಬೇರೆಯವರಾದರೆ ಹೊಳೆಗೆ ಹೋಗ್ತಿದ್ದರು."

ಆಲ್ಫೋನ್ಸರು ಗ್ಯಾರೇಜಿನ ಬೆಂಚಿನ ಮೇಲೆ ಕುಳಿತುಬಿಟ್ಟರು. ಇಗರ್ಜಿಯ ಅಂಗಳದಲ್ಲಿ ಅವಳು ನಕ್ಕ ಆ ಸಣ್ಣ ನಗು ಕಣ್ಣ ಮುಂದೆ ಬಂತು. ಬಿಸಿಲಲ್ಲಿ ಕೊಡೆ ಹಿಡಿದು ಹೋಗುವ ಬೆನ್ನು ಬಂತು. ಟ್ರೈಲರಿನ ಇಪ್ಪತ್ತೆರಡು ವರ್ಷ ಯಾವ ಸಹಾಯಕ್ಕೂ ಬರಲಿಲ್ಲ.

ಹೊಸ ರ್‍ಯಾಕ್ ಕೂತು, ಚಕ್ರಗಳ ಅಲೈನ್‌ಮೆಂಟ್ ಮುಗಿಯಲು ಎರಡು ದಿನ ಬೇಕಾಯಿತು. ಮನೆಗೆ ಬರುವ ದಾರಿಯುದ್ದಕ್ಕೂ ಆಲ್ಫೋನ್ಸರು, 'ತಪ್ಪು ನನ್ನದೇ ಕಾನ್ಸೆಪ್ಟಾ' ಎಂದು ಉರು ಹೊಡೆದರು. ಕಾರು ಬಾಣದಂತೆ ನೇರ ಬಂತು. ಆದರೆ ಮನೆ ಬಾಗಿಲಲ್ಲಿ ನಾಲಿಗೆ ಎಡಕ್ಕೆ ಎಳೆಯಿತು.

"ಹೋಗಲಿ, ನಿನಗೆ ಇನ್ನೊಂದು ಅವಕಾಶ ಕೊಡ್ತೇನೆ. ಇವತ್ತು ಕಾರ್ಕಳಕ್ಕೆ ನೀನೇ ಓಡಿಸು" ಎಂದರು!

ಕಾನ್ಸೆಪ್ಟಾ ಅವರ ಮುಖವನ್ನೊಮ್ಮೆ ನೋಡಿ, ಕೈ ಒರೆಸಿಕೊಂಡು ಕೀ ತೆಗೆದುಕೊಂಡಳು.

ಮಣಿಪಾಲ ದಾಟಿತು, ಹಿರಿಯಡಕ ದಾಟಿತು. ತಿರುವುಗಳಲ್ಲಿ ಅವಳ ಕೈ ನೀರಿನಂತೆ ಹರಿಯಿತು. ಒಂದು ಎಕ್ಸ್‌ಪ್ರೆಸ್ ಬಸ್ಸಿಗೆ ಎಷ್ಟು ಬೇಕೋ ಅಷ್ಟೇ ದಾರಿ ಬಿಟ್ಟಳು. "ನೋಡಿದೆಯಾ, ನಾನು ಕಲಿಸಿದ್ದು ತಡವಾಗಿಯಾದರೂ ತಲೆಗೆ ಹತ್ತಿದೆ" ಎಂದರು ಗುರುಗಳು. ಶಿಷ್ಯೆ ಗೇರ್ ಬದಲಿಸಿದಳು.

ಕಾರ್ಕಳದಲ್ಲಿ ಮ್ಯಾಗ್ಡಲಿನ್ ಕೋಲೂರಿ ಗೇಟಿನಲ್ಲೇ ನಿಂತಿದ್ದಳು. "ಇವತ್ತು ಟೀಚರ ಕಾರು ಇಲ್ವಾ ಕಾನ್ಸೆಪ್ಟಾ?"

ಆಲ್ಫೋನ್ಸರು ಇಳಿಯುತ್ತಿದ್ದವರು ಅರ್ಧಕ್ಕೇ ನಿಂತರು. "ಯಾವ ಟೀಚರು?"

"ಕುಶಲಾ ಟೀಚರು. ನಾಲ್ಕು ತಿಂಗಳಿಂದ ಇವಳು ಅವರ ಕಾರಲ್ಲೇ ಅಲ್ವಾ ಬರುವುದು? ಅವರಿಗೆ ಮೊಣಕಾಲು ನೋವು, ದೂರ ಓಡಿಸಲಿಕ್ಕೆ ಆಗುವುದಿಲ್ಲ. ಚಿಕಿತ್ಸೆಗೆ ಅವರನ್ನು ಮಣಿಪಾಲದಲ್ಲಿ ಇಳಿಸಿ, ಇಲ್ಲಿಗೆ ಒಬ್ಬಳೇ ಓಡಿಸಿಕೊಂಡು ಬರ್ತಾಳೆ. ನಿಮಗೆ ಗೊತ್ತಿಲ್ವಾ?"

"ನೀನು ಬಸ್ ಸ್ಟಾಪಿಗೆ ಹೋಗ್ತಿದ್ದದ್ದು?"

"ಬಸ್ ಸ್ಟಾಪಿಗೇ ಹೋಗ್ತಿದ್ದೆ. ಟೀಚರು ಅಲ್ಲಿಗೇ ಕಾರು ತರ್ತಿದ್ದರು."

"ನನಗೊಂದು ಮಾತು ಹೇಳಬಾರದಿತ್ತಾ ಮಾರಾಯ್ತಿ?"

"ಹೇಳಿದರೆ ನೀವು ಇಗರ್ಜಿಯಲ್ಲಿ ಹೇಳ್ತಿದ್ದಿರಿ" ಎಂದಳು ಕಾನ್ಸೆಪ್ಟಾ, ಸಿಟ್ಟಿಲ್ಲದೆ. ಸಿಟ್ಟು ಇದ್ದಿದ್ದರೇ ಆಲ್ಫೋನ್ಸರಿಗೆ ಹಗುರಾಗುತ್ತಿತ್ತು. ಕಾರ್ಕಳದ ದಾರಿಯನ್ನು ಅವಳು ತಿರುವು ತಿರುವಾಗಿ ಕಲಿಯುವಾಗ ಪಕ್ಕದ ಸೀಟು ಖಾಲಿ ಇತ್ತು. ಅವರು ಮಲಗಿದ್ದರು.

ಊಟವಾದ ಮೇಲೆ ಮ್ಯಾಗ್ಡಲಿನ್‌ಗೆ ಕಾಪುವಿನ ಕಡಲು ನೋಡುವ ಆಸೆಯಾಯಿತು. ಆಲ್ಫೋನ್ಸರು ಅಭ್ಯಾಸಬಲದಿಂದ ಮುಂದಿನ ಬಾಗಿಲಿಗೆ ಕೈಹಾಕಿದರು.

"ಅಕ್ಕನಿಗೆ ಕಾಲು ಚಾಚಲಿಕ್ಕೆ ಜಾಗ ಬೇಕು, ನೀವು ಹಿಂದೆ ಕೂತುಕೊಳ್ಳಿ" ಎಂದಳು ಕಾನ್ಸೆಪ್ಟಾ.

ಹಿಂದಿನ ಸೀಟಿನಲ್ಲಿ, ಮ್ಯಾಗ್ಡಲಿನ್ ಕೊಟ್ಟ ಒಂದು ಹಲಸಿನ ಹಣ್ಣಿನ ಪಕ್ಕ ಮಹಾರಥಿಗಳು ಕುಳಿತರು. ಮುಂದೆ ಅಕ್ಕತಂಗಿಯರು ಏನನ್ನೋ ನೆನೆದು ನಗುತ್ತಿದ್ದರು. ದಾರಿಯಲ್ಲೆಲ್ಲೋ ಆಲ್ಫೋನ್ಸರು ಗಂಟಲು ಸರಿಮಾಡಿಕೊಂಡರು.

"ಕಾನ್ಸೆಪ್ಟಾ, ತಪ್ಪು ನನ್ನದು."

"ಎಂತ? ಕೇಳಲಿಲ್ಲ."

"ತಪ್ಪು ನನ್ನದು! ರ್‍ಯಾಕ್ ಹಾಳಾಗಿತ್ತು. ಹಾಳು ಮಾಡಿದ್ದೂ ನಾನೇ."

"ಗಾಳಿಗೆ ಒಂದೂ ಕೇಳುವುದಿಲ್ಲ ಮಾರಾಯ್ರೆ."

ಆಲ್ಫೋನ್ಸರು ಹಲಸಿನ ಹಣ್ಣನ್ನು ತಬ್ಬಿ ಮುಂದಕ್ಕೆ ಬಾಗಿ, ರಸ್ತೆ ಬದಿಯವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಮೂರನೆಯ ಸಲ ಕೂಗಿ ಹೇಳಿದರು.

ಕಾನ್ಸೆಪ್ಟಾ ಕಾರನ್ನು ನೇರ ಓಡಿಸಿದಳು. ಮ್ಯಾಗ್ಡಲಿನ್ ನಿಧಾನಕ್ಕೆ ಹಿಂದಕ್ಕೆ ತಿರುಗಿದಳು.

"ಸುಮ್ಮನೆ ಬೊಬ್ಬೆ ಹಾಕಬೇಡಿ ಭಾವ. ಅವಳಿಗೆ ಮೊದಲನೆಯ ಸಲವೇ ಕೇಳಿದೆ."