ಮರುಳಪ್ಪನ ಲಾಭವಿಜಯ

ಏಕದಂತನಿಗೆ ಮೊದಲ ವಂದನೆ. ಏರಿದವರನ್ನು ಇಳಿಸಿ, ಇಳಿದವರನ್ನು ಇನ್ನಷ್ಟು ಇಳಿಸುವ ಚಂಚಲೆ ಲಕ್ಷ್ಮೀದೇವಿಗೆ ಎರಡನೆಯದು. ಮೂರನೆಯದು ಕರೆಂಟಿನವರಿಗೆ, ಏಕೆಂದರೆ ಅವರು ಮುನಿದರೆ ಈ ಕಥೆಯೂ ಇಲ್ಲ, ಕಥಾನಾಯಕನೂ ಇಲ್ಲ. ಸಜ್ಜನರೇ, ಕಿವಿಗೊಡಿ. ಕೃತಯುಗದಲ್ಲಿ ತಪಸ್ಸಿನಿಂದ, ತ್ರೇತೆಯಲ್ಲಿ ಯಜ್ಞದಿಂದ, ದ್ವಾಪರದಲ್ಲಿ ಬಾಹುಬಲದಿಂದ ಒಲಿಯುತ್ತಿದ್ದ ಸಂಪತ್ತು ಈ ಕಲಿಯುಗದಲ್ಲಿ ಬರಿಯ ಹೆಬ್ಬೆರಳಿಗೆ ಒಲಿಯುತ್ತದೆಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ, ಕಡೂರೆಂಬ ಪುರದಲ್ಲಿ, ಬಸ್ ನಿಲ್ದಾಣದ ಹಿಂದಿನ ಅಡ್ಡರಸ್ತೆಯಲ್ಲಿ, ಮಂಡಿನೋವಿನಿಂದ ಮಂದಗಮನನೂ, ಓದುಕನ್ನಡಕಶೋಭಿತನಾಸಿಕನೂ, ಅಂಚೆ ಕಚೇರಿಯ ನಿರಂತರಮುದ್ರಾಪ್ರಹಾರದಿಂದ ಕಠಿಣೀಕೃತದಕ್ಷಿಣಹಸ್ತನೂ ಆದ ಮರುಳಪ್ಪನೆಂಬ ವೀರನಿದ್ದನು. ಹೆಸರಿನಲ್ಲೇ ಅರ್ಧ ಕಥೆ ಇದೆ. ಉಳಿದರ್ಧವನ್ನು ನಾನು ಹೇಳಬೇಕು.

ಈ ವೀರನು ನಿವೃತ್ತನಾದ ಮೇಲೆ, ಬೆಳಗ್ಗೆ ಕೊಂಡ ಷೇರನ್ನು ಸಂಜೆಯೊಳಗೆ ಮಾರಿ ನಡುವಿನ ವ್ಯತ್ಯಾಸವನ್ನು ಜೇಬಿಗಿಳಿಸುವ ಅದ್ಭುತವಿದ್ಯೆಯೊಂದುಂಟೆಂದು ಕೇಳಿ, ಮೊಬೈಲಿನಲ್ಲಿ ಪಾಠ ಹೇಳುವ, ಟೈಯೆಂಬ ಕಂಠಕೌಪೀನವನ್ನು ಧರಿಸಿದ, ಮೀಸೆ ಇನ್ನೂ ಸರಿಯಾಗಿ ಮೂಡದ ಯುವಗುರುವೊಬ್ಬನನ್ನು ಮನಸಾ ವರಿಸಿದನು. ಬೆಲೆಯ ನಕ್ಷೆಯಲ್ಲಿ ಮೂಡುವ ಹಸಿರು ಮೇಣದಬತ್ತಿಯೆಂದರೆ ಬೆಲೆ ಏರಿತು, ಕೆಂಪು ಮೇಣದಬತ್ತಿಯೆಂದರೆ ಇಳಿಯಿತು ಎಂಬಲ್ಲಿಂದ ಹಿಡಿದು ಆ ಬತ್ತಿಗಳು ಜೋಡಿಯಾಗಿ ನಿಂತರೇನು, ತಲೆಕೆಳಗಾದರೇನು ಎಂಬ ಗೂಢಾರ್ಥದವರೆಗೆ ಎಲ್ಲವನ್ನೂ ಕಂಠಪಾಠ ಮಾಡಿದನು. ಗುರುವು ಎರಡು ಮಾತನ್ನು ಪದೇ ಪದೇ ಹೇಳಿದ್ದನು. ಒಂದು, ಖಚಿತ ಸೂಚನೆ ಸಿಗುವ ತನಕ ಕೈ ಹಾಕಬೇಡಿ. ಇನ್ನೊಂದು, ಸ್ಟಾಪ್ ಲಾಸ್ ಹಾಕದೆ ರಣಕ್ಕಿಳಿಯಬೇಡಿ. ಬೆಲೆ ಇಂತಿಷ್ಟಕ್ಕಿಂತ ಕೆಳಗೆ ಬಿದ್ದರೆ ತಾನಾಗಿಯೇ ಮಾರಿಬಿಡು ಎಂದು ಮೊದಲೇ ಅಪ್ಪಣೆ ಕೊಟ್ಟಿಡುವ ಕವಚ ಅದು. ಮರುಳಪ್ಪ ಎರಡಕ್ಕೂ ತಲೆಯಾಡಿಸಿದ್ದನು. ವಿದ್ಯೆ ಬಂದಷ್ಟೂ ದುಡ್ಡು ಹೋಯಿತು ಎನ್ನುವುದನ್ನು ಇಲ್ಲಿ ಮೆಲ್ಲಗೆ ಹೇಳಿ ಮುಂದೆ ಹೋಗೋಣ.

ಅವನ ರಣಭೂಮಿ ಊಟದ ಮೇಜು. ಅದು ಮೊದಲು ಅವನ ಹೆಂಡತಿ ಮಂಗಳಮ್ಮನ ರಾಜ್ಯವಾಗಿತ್ತು. ಆಕೆ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುವವಳು, ಬಟ್ಟೆ ಹರವಿ ಕತ್ತರಿಸುತ್ತಿದ್ದುದು ಆ ಮೇಜಿನ ಮೇಲೆಯೇ. ಗಂಡ ಅದನ್ನು ಆಕ್ರಮಿಸಿಕೊಂಡಂದಿನಿಂದ ಆಕೆ ನೆಲದ ಮೇಲೆ ಬಗ್ಗಿ ಕತ್ತರಿಸಿ, ಏಳುವಾಗ ಸೊಂಟ ಹಿಡಿದುಕೊಂಡು "ಅಪ್ಪಾ ಶಿವನೇ" ಅನ್ನುತ್ತಿದ್ದಳು. ಆ ಶಬ್ದ ಕಿವಿಗೆ ಬಿದ್ದಾಗಲೆಲ್ಲ ವೀರನು ಮೇಣದಬತ್ತಿಗಳ ಕಡೆ ಇನ್ನಷ್ಟು ಗಾಢವಾಗಿ ನೋಡುತ್ತಿದ್ದನು.

ಅವನು ದುರಾಸೆಯವನೆಂದು ತಿಳಿಯಬೇಡಿ. ಸರ್ಕಾರ ಕೊಟ್ಟ ಸಂಬಳವನ್ನು ಲಕೋಟೆ ಬಿಚ್ಚದೆ ಮನೆಗೆ ತಂದುಕೊಟ್ಟವನು. ಆದರೆ ಅದು ಸಂಬಳ, ತಿಂಗಳು ತುಂಬಿದರೆ ಯಾರಿಗಾದರೂ ಬರುತ್ತದೆ. ತನ್ನ ಬುದ್ಧಿಯಿಂದ, ತನ್ನ ಧೈರ್ಯದಿಂದ ಗೆದ್ದು ತಂದ ಲಾಭವನ್ನು ಒಂದೇ ಒಂದು ಸಲ ಮಂಗಳಮ್ಮನ ಕೈಗೆ ಇಡಬೇಕು, ಆಕೆ ಕಣ್ಣರಳಿಸಿ ನೋಡಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಆ ದಿನ ಬೆಳಗ್ಗೆ ಮಂಗಳಮ್ಮ ಕಾಫಿ ಲೋಟವನ್ನು ಮೇಜಿನ ತುದಿಗೆ ಇಟ್ಟು ಷರತ್ತು ಹಾಕಿದಳು.

"ರೀ, ಇವತ್ತೊಂದು ದಿನ ನೋಡ್ತೀನಿ. ಲಾಭ ಬಂದ್ರೆ ಮೇಜು ನಿಮ್ದೇ, ನಾನು ತುಟಿ ಪಿಟಕ್ಕನ್ನಲ್ಲ. ಬರ್ಲಿಲ್ವಾ, ಸಂಜೆಗೆ ಮೇಜು ನಂಗೆ, ಆ ಆಪು ಮೊಬೈಲಿಂದ ಆಚೆಗೆ."

ವೀರನು "ಎಲೌ ಸಹಧರ್ಮಿಣಿ, ಸಮುದ್ರವು ಮೇರೆಯನ್ನು ಮೀರಿದರೂ ಮರುಳಪ್ಪನು ಮಾತನ್ನು ಮೀರನು" ಎಂದು ಗರ್ಜಿಸಬೇಕೆಂದುಕೊಂಡು, "ಆಯ್ತು" ಎಂದನು.

ಮಾರುಕಟ್ಟೆ ತೆರೆದು ಬಹಳ ಹೊತ್ತಾಗಿರಲಿಲ್ಲ, ಮಂಗಳಮ್ಮನ ತಮ್ಮ ಷಡಾಕ್ಷರಿ ಬೀರೂರಿನಿಂದ ಬಂದಿಳಿದನು. ಅಲ್ಲಿ ಅವನದು ಹಾರ್ಡ್‌ವೇರ್ ಅಂಗಡಿ. ಮೊಳೆಯನ್ನೂ ಬೆಳಕಿಗೆ ಹಿಡಿದು ನೋಡಿಯೇ ಕೊಳ್ಳುವ ಜಾತಿಯ ಮನುಷ್ಯ. ಒಂದು ರಾತ್ರಿ ಇದ್ದು, ಅಕ್ಕನ ಕೈಯ ದೋಸೆ ತಿಂದು ಹೋಗುವುದು ಅವನ ವಾಡಿಕೆ. ಪ್ರೇಕ್ಷಕ ಸಿಕ್ಕಿದ್ದೇ ತಡ, ಅಂಚೆ ನೌಕರರ ನಾಟಕಗಳಲ್ಲಿ ಗದೆ ಹೊತ್ತಿದ್ದ ಮರುಳಪ್ಪನಿಗೆ ಹಳೆಯ ಆವೇಶ ಮೈದುಂಬಿತು. ಅವನು ಪ್ಲಾಸ್ಟಿಕ್ ಕುರ್ಚಿಯಿಂದ ಅರ್ಧ ಎದ್ದು, ಮಂಡಿ ಚುರುಕ್ಕೆಂದಿದ್ದರಿಂದ ಕೂತು, ಕೂತಲ್ಲಿಂದಲೇ ನುಡಿದನು.

"ಷಡಾಕ್ಷರಿ, ಕೇಳು. ಈ ಮಾರುಕಟ್ಟೆಯೆಂಬ ಮದೋನ್ಮತ್ತಗಜದ ಕುಂಭಸ್ಥಳವನ್ನು ಈ ಅಂಗುಷ್ಠಮಾತ್ರದಿಂದಲೇ ಭೇದಿಸಿ, ಅದರೊಳಗಿನ ಮುತ್ತುಗಳನ್ನು ಸಾಯಂಕಾಲದೊಳಗೆ ನಿಮ್ಮಕ್ಕನ ಕರಕಮಲಗಳಿಗೆ ಸುರಿಯದಿದ್ದರೆ, ನಾನು ಅಂಚೆ ಇಲಾಖೆಯ ಅನ್ನ ಉಂಡವನೇ ಅಲ್ಲ."

"ಅದು ಸರಿ ಭಾವ. ಆ ಕಂಪನಿ ಏನು ಮಾಡುತ್ತೆ?"

"ಯಾವ ಕಂಪನಿ?"

"ನೀವೀಗ ತಗೊಳ್ಳೋಕೆ ಹೊರಟಿರೋದು."

ಮರುಳಪ್ಪ ಮೊಬೈಲನ್ನು ದೂರ ಹಿಡಿದು ನೋಡಿದನು. ಹೆಸರು ನಾಲ್ಕೇ ಇಂಗ್ಲಿಷ್ ಅಕ್ಷರಗಳಲ್ಲಿತ್ತು. "ಸಿಮೆಂಟೋ ಟೈರೋ ಇರ್ಬೇಕು. ನಮಗ್ಯಾಕದು? ಸಂಜೆಗೆ ಮಾರೋದೇ ಅಲ್ವಾ."

ಷಡಾಕ್ಷರಿ ಪೇಪರು ಬಿಡಿಸಿಕೊಂಡನು.

ಈಗ ರಣರಂಗವನ್ನು ವರ್ಣಿಸಬೇಕು, ಉಸಿರು ಎಳೆದುಕೊಳ್ಳುತ್ತೇನೆ. ಉದಯಾರ್ಕಕಿರಣಸದೃಶವಾಗಿ ಹಸಿರು ಬತ್ತಿಯೊಂದು ಮೇಲೆದ್ದಿತು. ಅದರ ಹಿಂದೆ ಕ್ರೋಧಾರುಣನಯನದಂತಹ ಕೆಂಪು ಬತ್ತಿಯೊಂದು ಅದನ್ನು ಕೆಳಗೆಳೆಯಿತು. ಮತ್ತೆ ಹಸಿರು, ಮತ್ತೆ ಕೆಂಪು. ಕೊಳ್ಳು ಎಂಬ ಗುಂಡಿಯ ಮೇಲೆ ವೀರಾಂಗುಷ್ಠವು ಸುಳಿದಾಡಿತೇ ಹೊರತು ಒತ್ತಲಿಲ್ಲ. ಖಚಿತ ಸೂಚನೆ, ಖಚಿತ ಸೂಚನೆ ಎಂದು ಅವನು ಗುರುವಾಕ್ಯವನ್ನು ಜಪಿಸಿದನು. ಮನೆದೇವರನ್ನೂ ನೆನೆದನು. ಕಾಫಿ ಆರಿ ಕೆನೆ ಕಟ್ಟಿತು.

ಆಗ ಒಳಗಿನಿಂದ ಡಣ್ಣೆಂದು ನಾದವೊಂದು ಮೊಳಗಿತು. ಲೌಕಿಕರ ಕಿವಿಗೆ ಅದು ಡಬ್ಬದ ಮುಚ್ಚಳ ತೆಗೆದ ಸದ್ದು. ಮರುಳಪ್ಪನ ಕಿವಿಗೆ ವಿಜಯಶಂಖ. ಅದರ ಬೆನ್ನಿಗೇ ಶಾಂತವಾದ, ಸಂಶಯಲೇಶವಿಲ್ಲದ ಸ್ತ್ರೀಕಂಠವೊಂದು ನುಡಿಯಿತು.

"ಲಾಭ."

ರೋಮಾಂಚಕಂಚುಕಿತಗಾತ್ರನಾದ ವೀರನು ಒತ್ತಿಯೇಬಿಟ್ಟನು. ನೂರು ಷೇರು ಅವನದಾದವು.

"ಎರಡು," ಎಂದಿತು ವಾಣಿ. ದೇವರು ಕೊಡುವಾಗ ಕೈ ಹಿಂದೆಗೆಯಬಾರದೆಂದು ಅವನು ಇನ್ನೊಂದು ನೂರು ಕೊಂಡನು.

"ಮೂರು." ಮತ್ತೊಂದು ನೂರು.

ಆಮೇಲೆ ವಾಣಿಯು ತನ್ನಷ್ಟಕ್ಕೆ, "ಇನ್ನರ್ಧ ಇರ್ಲಿ, ಹೊಟ್ಟೆ ದೊಡ್ಡದು ಅವ್ನಿಗೆ," ಎಂದಿತು. ಹೊಟ್ಟೆಯ ಮಾತಿಗೆ ಅರ್ಥ ಹುಡುಕಲು ಸಮಯವಿರಲಿಲ್ಲ. ಐವತ್ತು ಕೊಂಡನು. ಕೊನೆಗೆ, ಬ್ರಹ್ಮಾಂಡವೇ ಬೆನ್ನಿಗಿರುವವನಿಗೆ ಕವಚವೇಕೆಂದು ಸ್ಟಾಪ್ ಲಾಸನ್ನು ಹಾಕಲೇ ಇಲ್ಲ.

ಬೆಲೆ ಏರಿತು, ಸುಳ್ಳು ಹೇಳುವುದಿಲ್ಲ. ಷಡಾಕ್ಷರಿ ಪೇಪರಿನ ಒಂದು ಪುಟ ತಿರುವುವಷ್ಟು ಹೊತ್ತು ಮೊಬೈಲಿನ ಪರದೆ ಹಸಿರಾಗಿತ್ತು. ಅಷ್ಟರಲ್ಲೇ ಮರುಳಪ್ಪ ಮಂಗಳಮ್ಮನಿಗೆ ಕತ್ತರಿಸಲೆಂದು ಇನ್ನೂ ಉದ್ದನೆಯ ಹೊಸ ಮೇಜೊಂದನ್ನು ಮನಸ್ಸಿನಲ್ಲೇ ಕೊಂಡು, ಅದನ್ನು ಎಲ್ಲಿಡುವುದೆಂದೂ ಗೊತ್ತುಮಾಡಿಯಾಗಿತ್ತು. ಆಮೇಲೆ ಕೆಂಪು ಬತ್ತಿಗಳು ಒಂದರ ಕಾಲಿಗೆ ಒಂದು ಬಿದ್ದು ಮೆಟ್ಟಿಲಿಳಿದಂತೆ ಇಳಿದವು. ಮಾರಲೇ ಎಂದರೆ ದೈವವಾಣಿಗೆ ಅಪಚಾರ. ಇಟ್ಟುಕೊಳ್ಳಲೇ ಎಂದರೆ ದುಡ್ಡಿಗೆ ಅಪಚಾರ.

"ಊಟಕ್ಕೆ ಬನ್ರೀ," ಎಂದಳು ಮಂಗಳಮ್ಮ.

"ಬಂದೆ," ಎಂದನು, ಹೋಗಲಿಲ್ಲ. ಷಡಾಕ್ಷರಿ ಉಂಡು, ಒಂದು ನಿದ್ದೆ ತೆಗೆದು, ಎದ್ದು ಮಜ್ಜಿಗೆ ಕೇಳಿದನು. ಮರುಳಪ್ಪ ಅಲ್ಲೇ ಕೂತಿದ್ದನು. ಮೂರು ಗಂಟೆ ಕಳೆದು ಮಾರುಕಟ್ಟೆ ಮುಚ್ಚುವ ಹೊತ್ತು ಹತ್ತಿರವಾದಾಗ, ದಿನದ ಷೇರನ್ನು ದಿನವೇ ತೀರಿಸಬೇಕೆಂಬ ಕಟ್ಟಳೆಯಂತೆ ಆಪು ಅವನನ್ನು ಒಂದು ಮಾತೂ ಕೇಳದೆ ಎಲ್ಲವನ್ನೂ ಮಾರಿ ಕೈತೊಳೆದುಕೊಂಡಿತು. ಗದಾಘಾತವಿಲ್ಲ, ಬಾಣವಿಲ್ಲ, ಹೊಗಳುಭಟರಿಲ್ಲ. ಟಿಣ್ ಎಂದು ಒಂದು ಸದ್ದು, ಅಷ್ಟೇ. ಒಂದು ಒಳ್ಳೆಯ ಮಿಕ್ಸಿಯಷ್ಟು ದುಡ್ಡು ಹೋಗಿತ್ತು.

ಅವನು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದನು. ನಾಟಕದ ಭಾಷೆ ಗಂಟಲಿನಿಂದ ಇಳಿದುಹೋಗಿತ್ತು.

"ನೀನು ಲಾಭ ಅಂದ್ಯಲ್ಲೇ. ಯಾಕಂದೆ?"

"ಯಾವಾಗ?"

"ಬೆಳಗ್ಗೆ. ಡಬ್ಬದ ಸದ್ದಾಯ್ತಲ್ಲ, ಆಮೇಲೆ."

"ನಾಳೆ ದೋಸೆಗೆ ಅಕ್ಕಿ ಅಳೀತಿದ್ದೆ. ಮೂರೂವರೆ ಪಾವು."

"ಹಾಗಾದ್ರೆ ಒಂದು ಅನ್ಬೇಕಿತ್ತು."

"ಅಳೆಯುವಾಗ ಯಾರಾದ್ರೂ ಒಂದು ಅಂತಾರೇನ್ರೀ? ಮೊದಲ್ನೇದು ಲಾಭ, ಆಮೇಲೆ ಎರಡು. ನಾನು ಈ ಮನೆಗೆ ಬಂದ ಹೊಸದ್ರಲ್ಲಿ ನಿಮ್ಮಮ್ಮನೇ ಹೇಳ್ಕೊಟ್ಟಿದ್ದು. ನೀವು ಕೇಳ್ಕೊಂಡೇ ಬೆಳೆದಿದ್ದೀರಿ."

ಹೌದು, ಕೇಳಿಕೊಂಡೇ ಬೆಳೆದಿದ್ದನು. ಅವ್ವ ಕಣಜದ ಮುಂದೆ ಕೂತು ರಾಗಿ ಅಳೆಯುತ್ತಿದ್ದ ಆ ದನಿ ಈಗ ಸ್ಪಷ್ಟವಾಗಿ ಕೇಳಿಸಿತು, ಮೂರೂವರೆ ನೂರು ಷೇರು ಹೋದ ಮೇಲೆ. ಹಿಂದೆ ಮಜ್ಜಿಗೆ ಕುಡಿಯುತ್ತಿದ್ದ ಷಡಾಕ್ಷರಿಗೆ ಅದು ನೆತ್ತಿಗೇರಿತು, ಅವನು ಕೆಮ್ಮುತ್ತ ಹಿತ್ತಲಿಗೆ ಹೋದನು. ಅಲ್ಲಿಂದ ಬಹಳ ಹೊತ್ತು ಕೆಮ್ಮು ಕೇಳಿಸುತ್ತಿತ್ತು, ನಡುನಡುವೆ ನಗುವೂ ಇದ್ದಂತಿತ್ತು.

ಎಷ್ಟು ಹೋಯಿತೆಂದು ಮರುಳಪ್ಪ ಹೇಳಿದನು. ಮಂಗಳಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು, ಅವನ ಹತ್ತಿರ ಒಂದೆರಡು ಉತ್ತರ ತಯಾರಿದ್ದವು.

"ನನ್ನ ಕೈಯಾರೆ ಒಂದ್ಸಲ, ಇಗೋ ಲಾಭ ಅಂತ ನಿನ್ನ ಕೈಗೆ ಕೊಡ್ಬೇಕು ಅಂತಿತ್ತು ಕಣೇ," ಎಂದನು. ಹೇಳಿದ ಮೇಲೆ ನಾಚಿಕೆಯಾಗಿ ನೆಲ ನೋಡಿದನು.

"ಮೊದ್ಲು ಊಟ ಮಾಡಿ," ಎಂದಳು ಮಂಗಳಮ್ಮ.

ಊಟವಾದ ಮೇಲೆ ರಾಜ್ಯದ ಹಸ್ತಾಂತರ ನಡೆಯಿತು. ವೀರನು ಮೊಬೈಲಿನ ಚಾರ್ಜರನ್ನು ಕಿತ್ತು, ತಣ್ಣಗಾದ ಕಾಫಿಯ ಲೋಟವನ್ನು ತೆಗೆದು, ಮೇಜನ್ನು ತಾನೇ ಒದ್ದೆ ಬಟ್ಟೆಯಿಂದ ಒರೆಸಿದನು. ಆಪನ್ನು ಷಡಾಕ್ಷರಿಯೇ ತೆಗೆದುಕೊಡಬೇಕಾಯಿತು. ಕೊಳ್ಳುವುದನ್ನೂ ಮಾರುವುದನ್ನೂ ಕಲಿಸಿದ್ದ ಯುವಗುರು ಅಳಿಸುವುದನ್ನು ಕಲಿಸಿರಲಿಲ್ಲ. ಮಂಗಳಮ್ಮ ರವಿಕೆ ಬಟ್ಟೆ ಹರವಿಕೊಂಡು, ನಿಂತೇ ಕತ್ತರಿ ಆಡಿಸಿದಳು. ಆ ಸಂಜೆ "ಅಪ್ಪಾ ಶಿವನೇ" ಕೇಳಿಸಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಆಕೆ ಪಾತ್ರೆಯೊಂದನ್ನು ಹಿಡಿದು ಬಂದಳು. "ಕೂತೇ ಇದ್ದೀರಲ್ಲ, ರಾತ್ರಿ ಅನ್ನಕ್ಕೆ ಅಕ್ಕಿ ಅಳೆದುಕೊಡಿ."

ಮಂದಗಮನನೂ ಮುದ್ರಾಹಸ್ತನೂ ಆದ ಮರುಳಪ್ಪನು ಡಬ್ಬದ ಮುಂದೆ ಕುಕ್ಕರಿಸಿದನು. ಮುಚ್ಚಳ ಡಣ್ಣೆಂದಿತು. ಅವ್ವನ ಕಾಲದ ಹಿತ್ತಾಳೆಯ ಪಾವನ್ನು ಅಕ್ಕಿಯೊಳಗೆ ಇಳಿಸಿ, ತುಂಬಿ, ಮೇಲೆ ಅಂಗೈಯಿಂದ ಸವರಿ, ಮಂಗಳಮ್ಮ ಒಡ್ಡಿದ ಪಾತ್ರೆಗೆ ಸುರಿದನು. ಬಾಯಿ ತಾನಾಗಿ ಆಡಿತು.

"ಲಾಭ."

ಮಂಗಳಮ್ಮ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಅಕ್ಕಿಯನ್ನೊಮ್ಮೆ ನೋಡಿ, ಅವನನ್ನೊಮ್ಮೆ ನೋಡಿದಳು.

"ಬಂತಲ್ಲ ರೀ. ಅಷ್ಟು ಸಾಕು, ಎರಡಕ್ಕೆ ಹೋಗ್ಬೇಡಿ."