ಮಾವನ ಅಂಗಡಿಯ ಮೀಟರು

ಪಕ್ಷಪಾತ ಮಾಡದ ಮನುಷ್ಯನಿಗೆ ಈ ಲೋಕದಲ್ಲಿ ರುಚಿಯಾದ ಊಟ ಸಿಗುವುದಿಲ್ಲ. ಇದು ಓದಿ ತಿಳಿದದ್ದಲ್ಲ. ತುಮಕೂರಿನ ಬಟವಾಡಿ ಬಡಾವಣೆಯ ಬಾಡಿಗೆ ಮನೆಯಲ್ಲಿ ಒಂದು ಇಡೀ ಬೇಸಿಗೆ ಉಪ್ಪಿಲ್ಲದ ಸಾರು ಉಂಡು ತಿಳಿದದ್ದು.

ಎಂಬತ್ತರ ದಶಕದ ಆರಂಭ. ಮಳೆ ಕೈಕೊಟ್ಟು ಜಲಾಶಯಗಳು ತಳ ಕಂಡಿದ್ದವು. ನಾನು ತುಮಕೂರಿನ ಒಂದು ವಿದ್ಯುತ್ ಕಚೇರಿಯಲ್ಲಿ ಗುಮಾಸ್ತ. ಹಿರೇಹಳ್ಳಿಯ ಕಾರ್ಖಾನೆಗಳ ಕರೆಂಟಿಗೆ ಕೈಹಾಕುವಂತಿರಲಿಲ್ಲ, ಉಳಿದವರು ಅಂಗಡಿಯವರು. ಹೋಟೆಲು, ಹಿಟ್ಟಿನ ಗಿರಣಿ, ಬಟ್ಟೆ ಅಂಗಡಿ, ಇವುಗಳಲ್ಲಿ ಚದರಡಿಗೆ ಯಾವ ಬಗೆಯವರು ಹೆಚ್ಚು ಕರೆಂಟು ಸುಡುತ್ತಾರೋ ಆ ಬಗೆಯವರಿಗೆಲ್ಲ ದಿನಾ ದೀಪ ಹಚ್ಚುವ ಹೊತ್ತಿಗೇ ಕರೆಂಟು ತೆಗೆಯುವುದೆಂದು ನಮ್ಮ ಸಾಹೇಬರು ಗೊತ್ತುಮಾಡಿದರು. "ಕುಣಿಗಲ್ಲಲ್ಲಿ ಒಂದು ಗಿರಣಿ, ತುಮಕೂರಲ್ಲಿ ಒಂದು ಹೋಟ್ಲು, ಗುಬ್ಬಿಯಲ್ಲಿ ಒಂದು ಬಟ್ಟೆ ಅಂಗಡಿ, ನೀವೇ ಹೋಗಿ ಕೂತು ಮೀಟರ್ ನೋಡ್ಕೊಂಡ್ ಬನ್ನಿ. ನಿಮ್ಮಷ್ಟು ಖಂಡಿತವಾದಿ ಈ ಆಫೀಸಲ್ಲಿ ಇನ್ನೊಬ್ಬರಿಲ್ಲ" ಎಂದರು. ನಾನು ಉಬ್ಬಿಹೋದೆ. ಒಂದೇ ತೊಡಕೆಂದರೆ, ಗುಬ್ಬಿಯಲ್ಲಿ ಮೀಟರು ನೆಟ್ಟಗೆ ತಿರುಗುತ್ತಿದ್ದ ಬಟ್ಟೆ ಅಂಗಡಿ ನನ್ನ ಮಾವನದೊಂದೇ.

"ರೀ, ಮದುವೆ ಸೀಜನ್ನು. ನಮ್ಮಪ್ಪಂಗೆ ವ್ಯಾಪಾರ ಆಗೋದೇ ಸಂಜೆ ಹೊತ್ತು. ಸ್ವಲ್ಪ ನೋಡ್ಕೊಂಡು ಬರೀರಿ" ಎಂದಳು ಹೆಂಡತಿ.

"ಮೀಟರಿಗೆ ನೆಂಟಸ್ತನ ಗೊತ್ತಿಲ್ಲ ಕಣೇ" ಎಂದು ಗತ್ತಿನಿಂದ ಹೊರಟೆ.

ಮೊದಲು ಕುಣಿಗಲ್ಲಿನ ಗಿರಣಿ. ಮಾಲೀಕರಾದ ಬಷೀರ್ ಸಾಬರು ನನ್ನನ್ನು ಕಂಡವರೇ ಮಿಷನ್ನು ನಿಲ್ಲಿಸಿಬಿಟ್ಟರು. "ಬಿಳೀ ಷರ್ಟ್ ಹಾಕ್ಕೊಂಡ್ ಬಂದಿದೀರಿ ಸಾರ್, ಹಿಟ್ಟು ಮೆತ್ಕೊಳ್ತದೆ." ರಾಗಿ ಡಬ್ಬ ಹಿಡಿದು ಸಾಲಾಗಿ ನಿಂತಿದ್ದ ಹೆಂಗಸರೂ ಆಫೀಸರ ಷರ್ಟು ಕೆಡಬಾರದೆಂದು ಒಪ್ಪಿದರು. ಅದುವರೆಗೆ ನನ್ನನ್ನು ಆಫೀಸರೆಂದು ಯಾರೂ ಕರೆದಿರಲಿಲ್ಲವಾದ್ದರಿಂದ ನಾನೂ ತಿದ್ದಲಿಲ್ಲ. ಕೂತಷ್ಟು ಹೊತ್ತೂ ಮೀಟರಿನ ಚಕ್ರ ಅಲುಗಲಿಲ್ಲ. ಕಂಡದ್ದನ್ನು ಬರೆದುಕೊಂಡೆ. ತುಮಕೂರಿನ ಹೋಟೆಲಿನಲ್ಲಿ ಕರೆಂಟಿನವರು ಬಂದರೆಂಬ ಗಾಬರಿಗೆ ಗ್ರೈಂಡರ್ ನಿಲ್ಲಿಸಿ ಇಬ್ಬರು ಒರಳಿನ ಮುಂದೆ ಕೂತರು. ಅದನ್ನೂ ಬರೆದುಕೊಂಡೆ.

ಗುಬ್ಬಿಗೆ ಹೋದಾಗ ಮಟಮಟ ಮಧ್ಯಾಹ್ನ. ಮಾವ ಗಲ್ಲಾಪೆಟ್ಟಿಗೆ ಬಿಟ್ಟೆದ್ದು ಕೂಗಿದರು: "ಅಳಿಯಂದ್ರು ಬಂದವ್ರೆ, ಎಲ್ಲಾ ಲೈಟ್ ಹಾಕ್ರಪ್ಪಾ!" ಟ್ಯೂಬ್‌ಲೈಟುಗಳೆಲ್ಲ ಹತ್ತಿಕೊಂಡವು. ಷೋಕೇಸಿನ ಬಣ್ಣದ ಸೀರಿಯಲ್ ಸೆಟ್ಟು ಮಿನುಗತೊಡಗಿತು. ತಲೆಯ ಮೇಲಿನ ಫ್ಯಾನು ಸಾಲದೆಂದು ಮನೆಯಿಂದ ಟೇಬಲ್ ಫ್ಯಾನೂ ಬಂತು.

"ಮಾವ, ದಯವಿಟ್ಟು ಆರಿಸಿ. ನಾನು ಮೀಟರ್ ನೋಡೋಕೆ ಬಂದಿರೋದು."

"ನೋಡಿ, ಚೆನ್ನಾಗಿ ನೋಡಿ" ಎಂದು ಮೀಟರಿನ ಮುಂದೆಯೂ ಒಂದು ಬಲ್ಬು ಹಾಕಿಸಿದರು. "ಮನೆ ಅಳಿಯ ಬಂದಾಗ ಲೈಟ್ ಆರಿಸ್ದೆ ಅಂದ್ರೆ ಎದುರು ಅಂಗ್ಡಿಯವ್ನು ಏನಂದ್ಕೊಂಡಾನು? ಸುಮ್ನೆ ಕೂತ್ಕಳಿ."

ಚಕ್ರ ಗಿರಗಿರನೆ ತಿರುಗಿತು.

ಬೇರೆಯವನಾಗಿದ್ದರೆ ಏನಾದರೂ ಗೀಚಿ ಮುಗಿಸುತ್ತಿದ್ದ. ನಾನು ಖಂಡಿತವಾದಿ. ವರದಿಯಲ್ಲಿ ಬಟ್ಟೆ ಅಂಗಡಿ ಎಲ್ಲಕ್ಕಿಂತ ಮೇಲೆ, ಹಿಟ್ಟಿನ ಗಿರಣಿ ಎಲ್ಲಕ್ಕಿಂತ ಕೆಳಗೆ. ಸಾಹೇಬರಿಗೆ ಕಿಂಚಿತ್ತೂ ಅನುಮಾನ ಬರಲಿಲ್ಲ. "ಗಿರಣಿಯವರ ಮಿತವ್ಯಯ ನೋಡಿ ಕಲೀಬೇಕು ಕಣ್ರೀ" ಎಂದು ಸಹಿ ಹಾಕಿದರು. ಮರುವಾರದಿಂದ ಗುಬ್ಬಿಯ ಬಟ್ಟೆ ಅಂಗಡಿಗಳಿಗೆ ಮುಸ್ಸಂಜೆಗೇ ಕತ್ತಲು.

ಮಾವ ಮಾತ್ರ ವಾಪಸು ಹೋಗುತ್ತಿದ್ದ ಗಿರಾಕಿಗಳಿಗೆಲ್ಲ "ನಮ್ಮ ಅಳಿಯಂದ್ರು ಬಲೇ ಖಂಡಿತ" ಎಂದು ಹೆಮ್ಮೆಯಿಂದ ಹೇಳಿದರಂತೆ. ಬೈದಿದ್ದರೆ ಚೆನ್ನಾಗಿತ್ತು, ನನಗೆ ನಿಜಕ್ಕೂ ಸಂಕಟವಾಯಿತು. ಒಂದು ಸಂಜೆ ಗುಬ್ಬಿಗೆ ಹೋಗಿ, ಅವರ ಅಂಗಡಿಯಲ್ಲೇ ಹೆಂಡತಿಗೊಂದು ರೇಷ್ಮೆ ಸೀರೆ ಕೊಂಡೆ. ಮಾವ ಲಾಟೀನು ಎತ್ತಿ ಹಿಡಿದರು. "ಹಗಲು ಬನ್ನಿ, ಬಣ್ಣ ಗೊತ್ತಾಗ್ತದೆ" ಎಂದರೂ ಕೇಳದೆ ಹಣ್ಣುಗೆಂಪಿನದೊಂದನ್ನು ಆರಿಸಿದೆ.

ಬಟವಾಡಿಯ ಮನೆಯ ಟ್ಯೂಬ್‌ಲೈಟಿನ ಕೆಳಗೆ ಬಿಚ್ಚಿದಾಗ ಅದು ಅಪ್ಪಟ ಗೋಣಿಚೀಲದ ಬಣ್ಣವಾಗಿತ್ತು. ಹೆಂಡತಿ ಬದಲಾಯಿಸಲು ಒಪ್ಪಲಿಲ್ಲ. ಆ ವರ್ಷದ ಮದುವೆಗಳಿಗೆಲ್ಲ ಅದನ್ನೇ ಉಟ್ಟಳು. ಇದೇನು ಬಣ್ಣವೆಂದು ಯಾರಾದರೂ ಕೇಳಿದರೆ ನನ್ನತ್ತ ಕೈತೋರಿಸಿ ಹೇಳುತ್ತಿದ್ದಳು: "ನಮ್ಮನೆಯವ್ರೇ ಆರಿಸಿದ್ದು ಕಣ್ರೀ. ಅವ್ರು ಕಣ್ಣಾರೆ ಕಂಡಿದ್ದನ್ನ ಬಿಟ್ಟು ಬೇರೇನೂ ನಂಬಲ್ಲ."