ಕಾದಂಬರಿಗೆ ಕುಬಸ

“ಅಣ್ಣಾ, ಮಾಸ್ತರ ಊರಿಗೆ ಹಿಂಗೇ ಹೋಗಬೇಕೇನ್ರಿ?”

ಆಳಂದ ದಾಟಿ ಮಟಕಿ ಕಡೆ ಹೊರಟವಳು ಯಾವುದೋ ತೊಗರಿ ಹೊಲದ ನಡುವೆ ಸ್ಕೂಟರ್ ನಿಲ್ಲಿಸಿಕೊಂಡು ನಿಂತಿದ್ದೆ. ಫೋನಿನ ಮ್ಯಾಪಿನೊಳಗಿನ ಹೆಂಗಸು ಹೊಲದೊಳಕ್ಕೇ ತಿರುಗು ಎನ್ನುತ್ತಿದ್ದಳು. ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರು ಬಂದು ನನ್ನನ್ನೂ ಗಾಡಿಯನ್ನೂ ನೋಡಿದರು.

“ಯಾವ ಮಾಸ್ತರ್ರಿ?”

“ರಿಟೈರ್ ಆದ ಕನ್ನಡ ಮಾಸ್ತರು. ಕಾದಂಬರಿ ಓದ್ತಾರಲ್ಲ...”

“ಓ, ಪುರಾಣ ಹಚ್ಚಿದ ಮಾಸ್ತರೇನ್ರಿ! ಮೊದಲ ಹೇಳಬಾರದಾ? ಹಿಂದ ಹೊಳ್ಳ್ರಿ, ಬೇವಿನ ಗಿಡದ ಬಲ್ಲಿ ಎಡಕ್ಕ. ಲಗೂ ಹೋಗ್ರಿ, ಇವತ್ತ ಆ ಹುಡುಗಿಗಿ ಕುಬಸಾ ಅದ.”

“ಯಾವ ಹುಡುಗಿಗೆ?”

“ಕಾದಂಬರ್ಯಾಗ ಬಸುರಾಗ್ಯಾಳಲ್ರಿ, ಆಕಿಗಿ.”

ಪ್ರವಾಸಿಗರನ್ನು ಕರೆದುಕೊಂಡು ದೇಶ ಸುತ್ತುವುದೇ ವರ್ಷಗಟ್ಟಲೆ ನನ್ನ ಕೆಲಸವಾಗಿತ್ತು. ಟಿಬಿಲಿಸಿಯ ಗಲ್ಲಿಗಳಲ್ಲಿ, ಜಂಜಿಬಾರಿನ ಸಂತೆಯಲ್ಲಿ ದಾರಿ ತಪ್ಪಿದ್ದೇನೆ. ಅಲ್ಲೆಲ್ಲ ಏನೂ ಆಗಲಿಲ್ಲ. ಪುಸ್ತಕದ ಬಹುಮಾನಕ್ಕೆ ತೀರ್ಪುಗಾರಳಾಗಲು ಒಪ್ಪಿಕೊಂಡ ದಿನದಿಂದ ಮಾತ್ರ ದಿನಕ್ಕೊಂದು ಹೀಗೆ ಆಗುತ್ತಲೇ ಇದೆ.

ಲಗ್ನಪತ್ರ

ಮಾಸ್ತರ ಊರಿಗೆ ಹೋಗುವ ಮೊದಲು ಹಿಂದಿನದನ್ನು ಸ್ವಲ್ಪ ಹೇಳಬೇಕು. ಬಹುಮಾನ ಇಟ್ಟವರು ಅಫಜಲಪುರದ ಒಂದು ಮನೆತನದವರು. ತೀರಿಹೋದ ಅಜ್ಜಿಗೆ ಕತೆ ಕೇಳುವ, ಹೇಳುವ ಹುಚ್ಚಿತ್ತಂತೆ, ಅದಕ್ಕೇ ಹೊಸ ಕಾದಂಬರಿಗೊಂದು ಪ್ರಶಸ್ತಿ. ಬರೆದವರಿಗೆ ಹೊರೆಯಾಗಬಾರದೆಂದು ಒಂದೇ ಪ್ರತಿ ಕಳಿಸಿದರೆ ಸಾಕು. ಆದರೆ ಮೂವರು ತೀರ್ಪುಗಾರರೂ ಒಪ್ಪಿದರೆ ಮಾತ್ರ ಬಹುಮಾನ. ಹೋದ ವರ್ಷದ ಮೂವರು ಒಪ್ಪಲಿಲ್ಲ, ಈಗಲೂ ಎದುರು ಸಿಕ್ಕರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ.

“ಈ ವರ್ಷನೂ ಹಂಗಾದ್ರ ಪ್ರಶಸ್ತಿ ಬಂದ್,” ಎಂದರು ಪ್ರಶಸ್ತಿಯ ಸಂಚಾಲಕರು. “ಆ ರೊಕ್ಕದಾಗ ಬಸ್‌ಸ್ಟ್ಯಾಂಡಿಗಿ ತಣ್ಣೀರಿನ ಮಷೀನ್ ಕೂಡಿಸ್ತಾರಂತ.”

“ನೀವೇನಂದ್ರಿ?”

“ಏನಂತ ಹೇಳಲ್ರಿ? ನಮ್ಮ ಬಿಸಲಿಗಿ ಮಷೀನೇ ಛಲೋ ಅನಸ್ತದ. ಆದ್ರ ಆ ಮುದುಕಿ ನನಗ ಭಾಳ ಕತಿ ಹೇಳ್ಯಾಳ. ಹ್ಯಾಂಗರೆ ಮಾಡಿ ಉಳಸ್ರಿ.”

ಇವರು ಪ್ರಾಮಾಣಿಕರೆಂದರೆ ಪ್ರಾಮಾಣಿಕರು. ಬರೆದವರು ಯಾರೆಂದು ನಮಗೆ ಗೊತ್ತಾಗಬಾರದೆಂದು ಎಲ್ಲ ಹೆಸರು, ಫೋಟೋ ಮುಚ್ಚಿದ್ದರು. ಮುಚ್ಚಲು ಸಿಕ್ಕಿದ್ದು ಮಗಳ ಮದುವೆಯಲ್ಲಿ ಉಳಿದ ಲಗ್ನಪತ್ರಗಳು. ಕತ್ತರಿಸಿ ಕತ್ತರಿಸಿ ಅಂಟಿಸಿದ್ದರು. ಹಾಗಾಗಿ ಒಂದು ಕಾದಂಬರಿಯ ಮೇಲೆ ‘ಸುಮುಹೂರ್ತ’, ಇನ್ನೊಂದರ ಮೇಲೆ ‘ತಮ್ಮ ಆಗಮನಾಭಿಲಾಷಿಗಳು’, ಮತ್ತೊಂದರ ಮೇಲೆ ‘ಉಡುಗೊರೆ ತರಬೇಡಿರಿ’. ನಮ್ಮ ಬಾಯಲ್ಲಿ ಅವೇ ಹೆಸರಾದವು.

‘ಉಡುಗೊರೆ ತರಬೇಡಿರಿ’ ಓದಿ ಮುಗಿಸಿದ ಮೇಲೆ ನನಗೆ ಅನಿಸಿತು: ಆ ಲೇಖಕರೂ ಇದನ್ನು ತರಬಾರದಿತ್ತು.

ಹೊತ್ತಿದ ರೊಟ್ಟಿ

ಪುಸ್ತಕಗಳು ಬಸ್ ಕಂಡಕ್ಟರ ಕೈಯಲ್ಲಿ ಗಂಟಾಗಿ ಊರಿಂದೂರಿಗೆ ತಿರುಗುತ್ತಿದ್ದವು. ಮೊದಲು ಜೇವರ್ಗಿಗೆ, ಆಮೇಲೆ ಇನ್ನೊಬ್ಬ ತೀರ್ಪುಗಾರರಾದ ಮಾಸ್ತರ ಊರಿಗೆ, ಕೊನೆಗೆ ನನಗೆ. ಜೇವರ್ಗಿಯಲ್ಲಿ ಇದ್ದವರು ಕಾಲೇಜಿನ ಮೇಡಂ, ಮೆಚ್ಚುವುದರಲ್ಲಿ ಜಿಪುಣಿ ಎಂದು ಹೆಸರಾದವರು. ಒಮ್ಮೆ ಅವರ ಮನೆಗೆ ಹೋದೆ. ಎಡಗೈಯಲ್ಲಿ ಕಾದಂಬರಿ, ಬಲಗೈಯಲ್ಲಿ ರೊಟ್ಟಿ.

“ನಿಮ್ಮದು ಹೆಂಗ ಮಾರ್ಕ್ಸ್ ಕೊಡೋದು, ಮೇಡಂ?”

“ಮಾರ್ಕ್ಸ್ ಇಲ್ರಿ. ರೊಟ್ಟಿ ಹೊತ್ತಿದ್ರ ಪುಸ್ತಕ ಛಲೋ. ರೊಟ್ಟಿ ಉಬ್ಬಿ ಬೆಳ್ಳಗ ಬಂದ್ರ ಪುಸ್ತಕ ಫೇಲ್.”

ಊಟಕ್ಕೆ ಕೂತೆವು. ರೊಟ್ಟಿ ಪೂರ್ತಿ ಕರ್ರಗಿತ್ತು.

“ಇದು ಯಾವ ಪುಸ್ತಕ?”

“ಸುಮುಹೂರ್ತ. ಲಗ್ನಾ ಆಗದ ಹುಡುಗಿ ಬಸುರಾಗ್ತಾಳ. ಅಳೋದಿಲ್ಲ, ಬಾವಿಗಿ ಬೀಳೋದಿಲ್ಲ. ತನ್ನ ಪಾಡಿಗಿ ತಾ ಕೆಲಸಕ್ಕ ಹೋಗ್ತಾಳ. ಯಾರೋ ಧೈರ್ಯದೋರು ಬರದಾರ. ಆದ್ರ ಇದು ನಿಮ್ಮ ಮಾಸ್ತರಿಗಿ ಸೇರಂಗಿಲ್ಲ, ಬರದಿಟ್ಕೊಳ್ರಿ. ಹಳೇ ಕಾಲದೋರು, ಜಗಳಾ ಗ್ಯಾರಂಟಿ.”

ನನ್ನ ಕಣ್ಣ ಮುಂದೆ ನೀರಿನ ಮಷೀನು ಬಂದು ನಿಂತಿತು.

ಹೊರಡುವಾಗ ಮೇಡಂ ಅವರ ಯಜಮಾನರು ಗೇಟಿನವರೆಗೆ ಬಂದು, ಹಿಂದೆ ನೋಡಿಕೊಂಡು, ಮೆಲ್ಲಗೆ ಅಂದರು: “ಯಕ್ಕಾರ, ನಿಮ್ಮ ಕೈ ಮುಗೀತೇನಿ. ಇನ್ನ ಮುಂದ ಕೆಟ್ಟ ಪುಸ್ತಕನೇ ಕಳಸ್ರಿ.”

ಕಟ್ಟೆಯ ಮೇಲಿನ ಪುರಾಣ

ತೀರ್ಮಾನದ ದಿನ ಹತ್ತಿರ ಬಂತು, ಮಾಸ್ತರ ಹತ್ತಿರ ಹೋದ ‘ಸುಮುಹೂರ್ತ’ ಮಾತ್ರ ಬರಲಿಲ್ಲ. ಫೋನು ಮಾಡಿದರೆ “ನಡದದ್ರಿ, ನಡದದ” ಎಂದಷ್ಟೇ ಉತ್ತರ. ಅದನ್ನು ಕಸಿದು ತರಲೆಂದೇ ನಾನು ಹೊರಟಿದ್ದು, ತೊಗರಿ ಹೊಲದಲ್ಲಿ ಸಿಕ್ಕಿಬಿದ್ದಿದ್ದು.

ಬೇವಿನ ಮರದಿಂದ ಎಡಕ್ಕೆ ತಿರುಗಿ ಹೋದೆ. ಗುಡಿಯ ಕಟ್ಟೆಯ ತುಂಬ ಜನ. ನಮ್ಮ ಕಡೆ ಶ್ರಾವಣದಲ್ಲಿ ಪುರಾಣ ಹಚ್ಚುವುದು ರೂಢಿ. ಒಬ್ಬರು ಓದುತ್ತಾರೆ, ಊರು ಕೇಳುತ್ತದೆ. ಓದಿನಲ್ಲಿ ಶರಣರ ಮದುವೆ ಬಂದರೆ ನಿಜವಾಗಿಯೂ ಅಕ್ಷತೆ ಹಾಕುತ್ತಾರೆ, ಶರಣರು ಹುಟ್ಟಿದರೆ ನಿಜವಾಗಿಯೂ ತೊಟ್ಟಿಲು ತೂಗುತ್ತಾರೆ. ಈ ವರ್ಷ ಪುರಾಣ ಹೇಳುವ ಶಾಸ್ತ್ರಿಗಳು ಬರಲಿಲ್ಲ. ಮಾಸ್ತರು ಆ ಜಾಗದಲ್ಲಿ ಕೂತು ಪ್ರಶಸ್ತಿಗೆ ಬಂದ ಕಾದಂಬರಿಗಳನ್ನು ಓದಲು ಶುರುಮಾಡಿಬಿಟ್ಟಿದ್ದರು.

“ಒಬ್ಬನ ಓದಿದ್ರ ನಿದ್ದಿ ಬರ್ತದ್ರಿ,” ಎಂದು ಪಿಸುಗುಟ್ಟಿದರು. “ಆ ‘ಆಗಮನಾಭಿಲಾಷಿಗಳು’ ಓದಿದೆ ನೋಡ್ರಿ, ಮಂದಿ ಎಲ್ಲಾ ಎದ್ದು ಹೋದ್ರು. ಒಬ್ಬ ಉಳದಾ. ಎಬ್ಬಿಸಿ ಕೇಳಿದೆ, ‘ಭಾಳ ಛಲೋ ಅದ’ ಅಂದಾ.”

ಈಗ ನಡುವೆ ಮಣೆಯ ಮೇಲೆ ‘ಸುಮುಹೂರ್ತ’ ಕೂತಿತ್ತು. ಅದಕ್ಕೆ ಕುಂಕುಮ, ಹಸಿರು ಬಳೆ, ಹಸಿರು ಖಣ. ಕುಬಸವೆಂದರೆ ಸೀಮಂತ; ಬಸುರಿಗೆ ಮಾಡುವ ಹಾಗೆಯೇ ಉಡಿ ತುಂಬುತ್ತಿದ್ದರು. ಒಬ್ಬಾಕೆ ಮುಂದೆ ಮೊಸರನ್ನದ ಬುತ್ತಿಯನ್ನೂ ಇಟ್ಟಳು.

ನನಗೆ ಗಾಬರಿ. ಇವರಿಗೆಲ್ಲ ವಿಷಯ ಗೊತ್ತೋ ಇಲ್ಲವೋ? ಮುಂದೆ ಕೂತ ಮುದುಕಿಯೊಬ್ಬಳ ಕಿವಿಯಲ್ಲಿ ಕೇಳಿದೆ, “ಆಯಿ, ಆ ಹುಡುಗಿಗೆ ಲಗ್ನಾ ಆಗಿಲ್ಲಲ್ಲ...”

ಆಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಯಾರ ಬೇ ಹೇಳಿದ್ದು? ಮ್ಯಾಲ ಕಾರ್ಡ್ ಅಂಟಿಸ್ಯಾರಲ್ಲ! ಅವರು ನಮಗ ಕರೀಲಿಲ್ಲ, ಅದು ಬ್ಯಾರೆ ಮಾತು.”

ಮಾಸ್ತರ ಮುಖ ನೋಡಿದೆ. “ನಾ ಹೇಳಿ ನೋಡಿದೆ ಬಾಯಾರ,” ಎಂದರು. “ಕಾರ್ಡ್ ಸುಳ್ಳೇನು ಅಂತ ನನಗ ಬೈದ್ರು.”

ಪುಸ್ತಕ ಎತ್ತಿಕೊಂಡು ಹೊರಟಾಗ ಆಯಿ ದಾರಿಗೆ ಅಡ್ಡ ನಿಂತಳು. “ಎಲ್ಲಿಗಿ ಒಯ್ತಿ? ದಿನಾ ತುಂಬಿದ ಹುಡುಗಿ!”

“ಕುಬಸಾ ಆತಲ್ಲ ಆಯಿ, ತವರಿಗೆ ಅಂತ ತಿಳೀರಿ. ಹಡಿಯೋ ಹೊತ್ತಿಗೆ ನಾನೇ ಕರಕೊಂಡು ಬರ್ತೇನಿ.”

“ಮಾತ ಕೊಟ್ಟೀ ನೋಡು. ತೊಟ್ಟಿಲಾ ತೊಳದಿಟ್ಟಿರ್ತೇವಿ.”

ಕೊನೆಯ ಪುಟ ನಾನಿನ್ನೂ ನೋಡಿಯೇ ಇರಲಿಲ್ಲ.

ಜಗಳದ ಭಜಿ

ಸಭೆ ಘತ್ತರಗಿಯಲ್ಲಿ, ಭೀಮೆಯ ದಂಡೆಯಲ್ಲಿ. ಭಾಗ್ಯವಂತಿ ತಾಯಿಯ ಗುಡಿ ಪಕ್ಕದಲ್ಲಿದ್ದರೆ ಯಾರೂ ದನಿ ಏರಿಸುವುದಿಲ್ಲ ಎಂಬುದು ಸಂಚಾಲಕರ ಲೆಕ್ಕ. ಆದರೂ ಇರಲಿ ಎಂದು ಸಂಜೆತನಕ ಸಾಲುವಷ್ಟು ಮಿರ್ಚಿ ಭಜಿ ತರಿಸಿದ್ದರು.

ನಾನು ಪುಸ್ತಕ ಓದಿ ಮುಗಿಸಿ, ರಾಜಿ ಮಾಡಿಸಲು ಭಾಷಣ ಕಂಠಪಾಠ ಮಾಡಿಕೊಂಡು ಹೋಗಿದ್ದೆ. ಮೇಡಂ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕೂತರು. ಮಾಸ್ತರು ಕನ್ನಡಕ ಒರೆಸಿದ್ದೇ ಒರೆಸಿದ್ದು.

“ಮೂರೂ ಮಂದಿ ಒಮ್ಮೆಲೇ ಅಂದುಬಿಡ್ರಿ,” ಎಂದು ಸಂಚಾಲಕರು ಕಣ್ಣು ಮುಚ್ಚಿಕೊಂಡರು.

“ಸುಮುಹೂರ್ತ!”

ಮೂರೂ ಬಾಯಿಂದ ಒಂದೇ ಹೆಸರು. ಮೇಡಂ ಮಾಸ್ತರ ಕಡೆ ತಿರುಗಿದರು. “ಸರ್, ನಿಮಗೂ ಸೇರಿತಾ?”

“ಊರ ಮಂದಿ ಉಡಿ ತುಂಬಿ ಕಳಸ್ಯಾರ್ರಿ. ನಾ ಒಲ್ಲೆ ಅಂದ್ರ ಊರಾಗ ಕಾಲ ಇಡಾಕ ಬಿಡ್ತಾರಾ?”

ಎದೆಯ ಮೇಲಿನ ಬೀಸುವ ಕಲ್ಲು ಇಳಿಸಿದ ಹಾಗಾಯಿತು. ಪ್ರಶಸ್ತಿ ಉಳಿಯಿತು. ನಾನಂತೂ ಜೋರಾಗಿ ನಕ್ಕುಬಿಟ್ಟೆ. ಸಂಚಾಲಕರು ಕಣ್ಣು ಒರೆಸಿಕೊಂಡರು, ಗುಡಿಯ ಕಡೆ ಕೈ ಮುಗಿದರು, ಆಮೇಲೆ ಭಜಿಯ ಬುಟ್ಟಿ ನೋಡಿ ಅವರ ಮುಖ ಇಳಿಯಿತು.

“ಇಷ್ಟು ಲಗೂ ಮುಗಿಸಿದ್ರ ಮಂದಿ ಫಿಕ್ಸಿಂಗ್ ಅಂತಾರ್ರಿ. ಭಜಿ ಮುಗಿಯೋತನಕರೆ ಜಗಳಾಡ್ರಿ.”

ಹೆರಿಗೆ

ಲಗ್ನಪತ್ರ ಕೆರೆದು ತೆಗೆದಾಗ ಕೆಳಗೆ ಸಿಕ್ಕ ಹೆಸರು ತುಮಕೂರು ಕಡೆಯ ಹೆಣ್ಣುಮಗಳದು, ಮೊದಲ ಕಾದಂಬರಿ. ಸಂಚಾಲಕರು ಅವರಿಗೆ ಸುದ್ದಿ ಮುಟ್ಟಿಸಿದರು. ಎಲ್ಲರ ಕೆಲಸ ಮುಗಿಯಿತು, ಉಳಿದದ್ದು ನಾನು ಆಯಿಗೆ ಕೊಟ್ಟ ಮಾತೊಂದೇ.

ಅಷ್ಟು ಹೊತ್ತಿಗೆ ಕೊನೆಯ ಪುಟ ಓದಿದ್ದೆ. ಕಾಲೆಳೆದುಕೊಂಡೇ ಹೋದೆ.

ಕಟ್ಟೆಯ ಮೇಲೆ ತೊಟ್ಟಿಲು ಕಟ್ಟಿದ್ದರು, ಚೆಂಡು ಹೂ ಸುತ್ತಿದ್ದರು. ಹೆಂಗಸರು ಹೊಸ ಸೀರೆ ಉಟ್ಟಿದ್ದರು. ಮಾಸ್ತರು ಜಾಗ ಬಿಟ್ಟುಕೊಟ್ಟರು. ನಾನು ಓದಿದೆ. ಹುಡುಗಿಗೆ ನೋವು ಶುರುವಾಯಿತು. ಹುಡುಗಿ ಎದ್ದಳು. ಹುಡುಗಿ ಹೊಸ್ತಿಲ ಮೇಲೆ ಬಂದು ನಿಂತಳು, ಹೊರಗೆ ಬೆಳಗಾಗುತ್ತಿತ್ತು. ಪುಸ್ತಕ ಮುಚ್ಚಿದೆ.

“ಮುಂದ?” ಎಂದಳು ಆಯಿ.

“ಅಷ್ಟೇ, ಆಯಿ.”

“ಅಷ್ಟೇ ಅಂದ್ರ? ಕೂಸು?”

ಖಾಲಿ ತೊಟ್ಟಿಲು ಗಾಳಿಗೆ ತಾನೇ ತೂಗುತ್ತಿತ್ತು. ಸಂಚಾಲಕರಿಂದ ಪಡೆದ ನಂಬರು ನನ್ನ ಹತ್ತಿರವಿತ್ತು. ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿ, ಲೇಖಕಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಮೇಡಂ,” ಎಂದರು ಆಕೆ ಸಂಕೋಚದಿಂದ, “ಅದನ್ನು ನಾನು ಓದುಗರಿಗೇ ಬಿಟ್ಟಿದ್ದೀನಲ್ಲ.”

“ನಮಗ ಬಿಟ್ರ ನಾವು ಹಡೀಬೇಕೇನು?” ಆಯಿ ಫೋನು ಕಸಿದುಕೊಂಡಳು. “ಗಂಡೋ ಹೆಣ್ಣೋ ಅಷ್ಟ ಹೇಳವ್ವಾ, ಜೋಗುಳಾ ಹಾಡೋದ ಅದ.”

“ಹೆಣ್ಣು,” ಎಂದಿತು ಫೋನಿನೊಳಗಿನ ಸಣ್ಣ ದನಿ.

ಹೆಂಗಸರು ಹೋ ಎಂದರು. ತೊಟ್ಟಿಲಿನ ಹಗ್ಗ ನನ್ನ ಕೈಗೇ ಕೊಟ್ಟರು. ನಾನು ತೂಗಿದೆ, ಕೊಟ್ಟ ಮಾತಿನ ಸಾಲ ಅಲ್ಲಿಗೆ ತೀರಿತು. ಆಯಿ ಮಾತ್ರ ಫೋನು ಬಿಡಲಿಲ್ಲ.

“ಇನ್ನೊಂದ ಮಾತವ್ವಾ. ಹಸಿ ಬಾಣಂತಿ ಇದ್ದಾಳ, ಹೊಸ್ತಿಲ ಮ್ಯಾಲ ನಿಂದ್ರಸಬ್ಯಾಡ. ಗಾಳಿ ಹತ್ತತದ. ಒಳಗ ಕರಕೋ.”

“ಕರ್ಕೊಂಡೆ ಅಜ್ಜಿ,” ಎಂದರು ಲೇಖಕಿ. “ಬಾಗಿಲೂ ಹಾಕ್ದೆ.”